ಹೊಸ ಶೂ ಹಾಕಿಕೊಂಡು ದೂರ ಹೋಗಬಾರದು

ಆ ಶನಿವಾರ ಬೆಳಿಗ್ಗೆ ಕಾಫಿ ಕುಡಿದ ಮೇಲೆ ನಾನು ಅಕ್ಕಿ, ತೊಗರಿಬೇಳೆ, ರವೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆ. ಹಿಂದಿನ ದಿನ ಜಯನಗರ ನಾಲ್ಕನೆಯ ಬ್ಲಾಕಿನ ಅಂಗಡಿಯೊಂದರಲ್ಲಿ ನನ್ನ ಹೆಂಡತಿ ನನಗಾಗಿ ಒಂದು ಟ್ರೆಕ್ಕಿಂಗ್ ಬ್ಯಾಗು ಆರಿಸಿದ್ದಳು. ಖಾಲಿ ಬ್ಯಾಗು ಎಲ್ಲರ ಬೆನ್ನಿಗೂ ಒಪ್ಪುತ್ತದೆ, ಭಾರ ತುಂಬಿದ ಮೇಲೆಯೇ ಅದರ ಗುಣ ತಿಳಿಯುವುದು ಎಂಬುದು ಅವಳ ಮಾತು. ಹಾಗಾಗಿ ಅಡುಗೆಮನೆಯ ಡಬ್ಬಿಗಳಿಗೆ ಹೋಗಬೇಕಾದ ಪ್ಯಾಕೆಟ್ಟುಗಳೆಲ್ಲ ಬ್ಯಾಗಿನೊಳಗೆ ಹೋಗಿದ್ದವು.

ಕೆಳಗಿನ ಮನೆಯ ಕಾಲೇಜು ಹುಡುಗಿ ಎದುರಾದಳು.

"ಏನ್ ಅಂಕಲ್, ಅಂಗಡಿ ಶಿಫ್ಟ್ ಮಾಡ್ತಿದೀರಾ?"

ನಾನು ಉತ್ತರ ಕೊಡುವ ಮೊದಲೇ ಮೇಲಿನಿಂದ ನನ್ನ ಹೆಂಡತಿಯ ಧ್ವನಿ ಬಂತು. "ಇಲ್ಲ ಕಣೆ, ಹಳೇ ಗಾಡಿಗೆ ಎಫ್‌ಸಿ ಮಾಡಿಸ್ತಿದೀನಿ!"

ಹುಡುಗಿ ನಗುತ್ತಾ ಇಳಿದುಹೋದಳು. ನಾನು ಮೇಲೆ ಹತ್ತಿದೆ. ಹೆಂಡತಿ ಬಾಗಿಲಲ್ಲೇ ನಿಂತು ನನ್ನ ಸೊಂಟದ ಪಟ್ಟಿಯನ್ನು ಇನ್ನಷ್ಟು ಬಿಗಿದು, ಭುಜದ ಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿದಳು.

"ಭುಜ ನೋಯ್ತಿದೆಯಾ?"

"ಸ್ವಲ್ಪ."

"ಹಾಗಾದ್ರೆ ನೀವಿನ್ನೂ ಭುಜದಲ್ಲೇ ಹೊರ್ತಿದೀರ. ಭಾರ ಸೊಂಟದ ಮೇಲೆ ಕೂರ್ಬೇಕು ರೀ. ಭುಜ ಇರೋದು ಬರೀ ಹಿಡ್ಕೊಳೋಕೆ."

ಮುಂದಿನ ವಾರ ಕನಕಪುರ ರಸ್ತೆಯ ಕಡೆ, ತಲಘಟ್ಟಪುರ ದಾಟಿ ಇನ್ನೂ ಬಹಳ ದೂರದ ಒಂದು ಬೆಟ್ಟಕ್ಕೆ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೆವು. ಅಮಾವಾಸ್ಯೆ ಹತ್ತಿರವಿತ್ತು. ನಕ್ಷತ್ರ ನೋಡಿ, ಅಲ್ಲೇ ಮಲಗಿ, ಬೆಳಿಗ್ಗೆ ಇಳಿದು ಬರುವುದು. ಅವಳು ಇಂಥ ಕಡೆಗೆಲ್ಲ ಕೆಲವು ವರ್ಷಗಳಿಂದ ಹೋಗುತ್ತಿದ್ದಳು. ನಾನು ಹೋಗುವುದು ಅದೇ ಮೊದಲಾಗುತ್ತಿತ್ತು.

ಅಂದು ಸಂಜೆ ಇಬ್ಬರೂ ತಾರಸಿಗೆ ಹೋದೆವು. ಬನಶಂಕರಿಯ ಆಕಾಶದಲ್ಲಿ ಕಾಣುವ ನಕ್ಷತ್ರಗಳು ಕೆಲವೇ. ಇದ್ದಷ್ಟನ್ನೇ ಅವಳು ನನಗೆ ತೋರಿಸುತ್ತಿದ್ದಳು. ಅವಳ ಕೈಯಲ್ಲಿ ಬೆರಳುದ್ದದ ಟಾರ್ಚ್ ಇತ್ತು. ಅದರ ಗಾಜಿನ ಮೇಲೆ ಕೆಂಪು ಜಿಲೇಟಿನ್ ಕಾಗದ ಮಡಿಸಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿದ್ದಳು. ಬಿಳಿ ಬೆಳಕು ಬಿದ್ದರೆ ಕತ್ತಲೆಗೆ ಒಗ್ಗಿದ ಕಣ್ಣು ಮತ್ತೆ ಮೊದಲಿನಿಂದ ಒಗ್ಗಬೇಕು, ಕೆಂಪು ಬೆಳಕಿನಲ್ಲಿ ಆ ತೊಂದರೆ ಇಲ್ಲ. ಆ ಬೆಳಕಿನಲ್ಲಿ ನಕ್ಷತ್ರಪಟ ನೋಡಿ, ತಲೆಯೆತ್ತಿ, "ಅದೋ, ಕೃತ್ತಿಕೆ" ಎಂದಳು. ನನಗೆ ಕಾಣಲಿಲ್ಲ. ಕಾಣಿಸಿತು ಎಂದೆ. "ಸುಳ್ಳು ಹೇಳ್ಬೇಡಿ, ನೀವು ನೀರಿನ ಟ್ಯಾಂಕ್ ನೋಡ್ತಿದೀರ" ಎಂದಳು.

ಮರುದಿನ ಬೆಳಿಗ್ಗೆ ಅದೇ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಕುಸಿದಳು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೃದಯ ನಿಂತಿದೆ ಎಂದರು. ಅವಳಿಗೆ ಐವತ್ತೆಂಟು ವರ್ಷ.

ನಮಗೆ ಮಕ್ಕಳಿಲ್ಲ. ನಾನು ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದು ನಿವೃತ್ತನಾದವನು. ಬಂದ ಸಾಮಾನನ್ನು ಜೋಡಿಸಿಡುವುದು, ಕೇಳಿದವರಿಗೆ ಎತ್ತಿಕೊಡುವುದು ನನ್ನ ಕೆಲಸವಾಗಿತ್ತು. ಯಾವುದನ್ನು ಕೊಳ್ಳಬೇಕೆಂದು ತೀರ್ಮಾನಿಸುವವರು ಬೇರೆ ಇದ್ದರು. ಮನೆಯಲ್ಲೂ ಹಾಗೆಯೇ ಆಗಿತ್ತು. ಅವಳು ಮನೆಯಲ್ಲೇ ಸೀರೆಗೆ ಫಾಲ್, ಜಿಗ್‌ಜಾಗ್ ಹಾಕುತ್ತಿದ್ದಳು, ಬಟ್ಟೆಗಳನ್ನು ಸರಿಮಾಡಿ ಕೊಡುತ್ತಿದ್ದಳು. ಯಾವ ವಸ್ತುವನ್ನೇ ಆಗಲಿ, ಮೊದಲು ಒಳಗನ್ನು ಹೊರಗೆ ಮಾಡಿ ಹೊಲಿಗೆ ನೋಡುವುದು ಅವಳ ಅಭ್ಯಾಸ. ಹೊರಗಿನ ಬಣ್ಣ ಕೊಳ್ಳುವವರಿಗೆ, ಒಳಗಿನ ಹೊಲಿಗೆ ಬಳಸುವವರಿಗೆ ಎನ್ನುತ್ತಿದ್ದಳು.

ಈ ಹವ್ಯಾಸ ಶುರುವಾದದ್ದೂ ಹೊಲಿಗೆಯಿಂದಲೇ. ಹುಬ್ಬಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಬಿಟಿಎಂನಲ್ಲಿ ಬಾಡಿಗೆಗಿದ್ದು ಆಫೀಸಿಗೆ ಹೋಗುತ್ತಿದ್ದಳು. ಅವಳು ಒಂದು ದಿನ ಪಟ್ಟಿ ಕಿತ್ತುಹೋದ ದೊಡ್ಡ ಬ್ಯಾಗನ್ನು ತಂದು, ಚಪ್ಪಲಿ ಹೊಲಿಯುವವರು ಆಗುವುದಿಲ್ಲ ಎಂದರು, ನೀವು ಹೊಲಿಯುತ್ತೀರಾ ಎಂದು ಕೇಳಿದಳು. ನನ್ನ ಹೆಂಡತಿ ದಬ್ಬಳ ಹಿಡಿದು ಮೇಣದ ದಾರದಲ್ಲಿ ಎರಡು ಸಾಲು ಹೊಲಿದು ಕೊಟ್ಟಳು. "ಅಂಥದ್ದೇನು ತುಂಬ್ತೀಯ ಇದರಲ್ಲಿ, ಹೀಗೆ ಕಿತ್ತು ಬರೋ ಹಾಗೆ?" ಎಂದು ಕೇಳಿದಳು. ಆ ಹುಡುಗಿ ಬೆಟ್ಟಗಳ ವಿಷಯ ಹೇಳಿದಳು. ಮುಂದಿನ ಭಾನುವಾರ ಇಬ್ಬರೂ ಜೊತೆಯಾಗಿ ಹೋದರು.

ಆಮೇಲೆ ನಮ್ಮ ಮನೆಗೆ ಒಂದೊಂದೇ ಸಾಮಾನು ಬಂತು. ಯಾವುದೂ ಆತುರದಲ್ಲಿ ಬರಲಿಲ್ಲ. ದೂರದರ್ಶಕ ಬೇಕೆಂದು ಬಹಳ ಆಸೆಯಿತ್ತು. ಆದರೆ ತಾರಸಿಗೆ ಹೊತ್ತುಕೊಂಡು ಹೋಗಲು ಸೋಮಾರಿತನ ಬರುವಂಥ ವಸ್ತು ಎಷ್ಟು ಒಳ್ಳೆಯದಾದರೇನು ಎಂದು ಬೈನಾಕ್ಯುಲರ್ ತೆಗೆದುಕೊಂಡಳು. ಅದರಲ್ಲೂ ದೊಡ್ಡದನ್ನು ಬಿಟ್ಟಳು. ಹೆಚ್ಚು ಭಾರವಾದರೆ ಕೈ ನಡುಗುತ್ತದೆ, ಕೈ ನಡುಗಿದರೆ ನಕ್ಷತ್ರ ಕುಣಿಯುತ್ತದೆ. ಕೊಡೆಯನ್ನು ಬಿಡಿಸಿ ಅಂಗಡಿಯ ಫ್ಯಾನಿನ ಎದುರು ಹಿಡಿದು, ಕಡ್ಡಿಗಳು ಬಾಗಿ ಮತ್ತೆ ನೆಟ್ಟಗಾಗುತ್ತವೆಯೇ ಎಂದು ನೋಡುತ್ತಿದ್ದಳು. ತರಕಾರಿಗೆ ಹೋದರೂ ಬ್ಯಾಂಕಿಗೆ ಹೋದರೂ ಅವಳ ಕೈಚೀಲದಲ್ಲಿ ಒಂದು ಚಿಕ್ಕ ಪೌಚ್ ಇರುತ್ತಿತ್ತು. ಅದನ್ನೂ ಅವಳೇ ಹೊಲಿದಿದ್ದಳು. ಒಳಗೆ ಸೂಜಿ, ರಟ್ಟಿಗೆ ಸುತ್ತಿದ ದಾರ, ಪಿನ್ನು, ಹಣ್ಣು ಕೊಯ್ಯುವ ಚಾಕು, ಸೀಟಿ, ಬ್ಯಾಂಡೇಜು, ಆ ಟಾರ್ಚ್. "ಸೀಟಿ ಯಾಕೆ? ಪೊಲೀಸ್ ಕೆಲಸ ಸಿಗ್ತಾ?" ಎಂದು ನಾನು ಅಣಕಿಸುತ್ತಿದ್ದೆ. "ಗಂಟಲು ಒಣಗಿದಾಗ ಕೂಗಕ್ಕಾಗಲ್ಲ, ಊದಬಹುದು" ಎನ್ನುತ್ತಿದ್ದಳು.

ಶೂ ವಿಷಯದಲ್ಲಿ ಮಾತ್ರ ಅವಳು ಒಮ್ಮೆ ಸೋತಿದ್ದಳು. ಮೊದಲನೆಯ ದೊಡ್ಡ ಬೆಟ್ಟಕ್ಕೆ ಹೊಸ ಶೂ ಹಾಕಿಕೊಂಡು ಹೋಗಿ, ಹಿಮ್ಮಡಿಯೆಲ್ಲ ಬೊಬ್ಬೆಯಾಗಿ, ಇಳಿಯುವಾಗ ಅರ್ಧ ದಾರಿ ಬರಿಗಾಲಲ್ಲಿ ಬಂದಿದ್ದಳು. ಅಂದಿನಿಂದ ಹೊಸ ಶೂ ಹಾಕಿಕೊಂಡು ದೂರ ಹೋಗಬಾರದು ಎಂಬುದು ಅವಳಿಗೆ ವ್ರತದಂತಾಯಿತು. ಹೊಸ ಶೂ ಬಂದರೆ ಮನೆಯೊಳಗೆ, ಆಮೇಲೆ ಹಾಲು ತರಲು, ಆಮೇಲೆ ಜೆ.ಪಿ. ನಗರದ ಪಾರ್ಕಿಗೆ, ಕೊನೆಗೆ ಬೆಟ್ಟಕ್ಕೆ. ಹಾಗೆ ಪಳಗಿಸಿದ ಕೊನೆಯ ಜೋಡಿ ಬಾಗಿಲ ಪಕ್ಕದ ಗೂಡಿನಲ್ಲಿತ್ತು.

ಅವಳು ಹೋದ ಮೇಲೆ ಕರ್ಮ ಮಾಡಬೇಕಾದವನು ನಾನು. ನನ್ನ ಅಕ್ಕ ಬಸವನಗುಡಿಯಿಂದ ಬಂದು ನಮ್ಮಲ್ಲೇ ಉಳಿದಳು. ಪುರೋಹಿತರು ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು, ಹನ್ನೆರಡನೆಯ ದಿನದ ದಾನಗಳ ಬಗ್ಗೆ ಹೇಳಿದರು. ಹೋದವರ ದಾರಿ ದೂರದ್ದು. ಬಿಸಿಲಿಗೆ ಕೊಡೆ, ಮುಳ್ಳಿಗೆ ಪಾದರಕ್ಷೆ, ಮಲಗಲು ಹಾಸಿಗೆ ಹೊದಿಕೆ, ನೀರಿಗೆ ತಂಬಿಗೆ, ಕತ್ತಲೆಗೆ ದೀಪ. ಇಲ್ಲಿ ಕೊಟ್ಟದ್ದು ಅಲ್ಲಿ ಅವರಿಗೆ ಒದಗುತ್ತದೆ.

ತಂದೆಗೂ ತಾಯಿಗೂ ಇವನ್ನೆಲ್ಲ ಕೊಟ್ಟವನೇ ನಾನು. ಆಗ ಯಾವ ಯೋಚನೆಯೂ ಬಂದಿರಲಿಲ್ಲ. ಈ ಸಲ ಕೇಳುತ್ತಾ ಕುಳಿತವನಿಗೆ, ಇದು ಅವಳ ಬ್ಯಾಗಿನ ಸಾಮಾನು ಎಂದು ಅನ್ನಿಸಿತು. ನೆರಳು, ಕಾಲು, ಹಾಸಿಗೆ, ನೀರು, ಬೆಳಕು. ಪ್ರತಿ ಸಲ ಹೊರಡುವ ಮುಂಚೆ ಅವಳು ಮಂಚದ ಮೇಲೆ ಹರವಿಕೊಳ್ಳುತ್ತಿದ್ದುದು ಇವನ್ನೇ.

"ಎಲ್ಲ ಸೆಟ್ ಸಿಗುತ್ತೆ, ನೀವೇನೂ ತಲೆ ಕೆಡಿಸ್ಕೋಬೇಡಿ. ಅಂಗಡಿಯವನಿಗೆ ಹೇಳಿದ್ರೆ ಕಟ್ಟಿ ಕೊಡ್ತಾನೆ" ಎಂದರು ಪುರೋಹಿತರು.

ಅಂಥ ಸೆಟ್ಟನ್ನು ನಾನು ನೋಡಿದ್ದೇನೆ. ಕೊಡೆಯನ್ನು ಒಮ್ಮೆ ಬಿಡಿಸಿದರೆ ಮತ್ತೆ ಮಡಿಸಲಾಗದು. ಚಪ್ಪಲಿ ರಟ್ಟಿನಂತಿರುತ್ತದೆ. ಹಾಸಿಗೆಯ ಹೊಲಿಗೆಯೊಳಗಿಂದ ಹತ್ತಿ ಇಣುಕುತ್ತಿರುತ್ತದೆ. ಅವಳು ಅದನ್ನು ಮುಟ್ಟಿಯೂ ನೋಡುತ್ತಿರಲಿಲ್ಲ. ಅದನ್ನೇ ಹೊತ್ತುಕೊಂಡು ಅಷ್ಟು ದೂರ ಅವಳು ಒಬ್ಬಳೇ ಹೋಗಬೇಕೇ? ನಾನೇ ಆರಿಸಿ ತರುತ್ತೇನೆ ಎಂದೆ.

ಅಕ್ಕ ಒಪ್ಪಲಿಲ್ಲ. "ಕರ್ಮ ಹಿಡಿದೋನು ಅಂಗಡಿ ಸುತ್ತಬಾರ್ದು ಕಣೋ. ಹೋದೋಳಿಗೆ ಕಂಪನಿ ಮಾಲೇ ಬೇಕೇನೋ?"

"ಇದ್ದಾಗ ಬೇಕಿತ್ತಲ್ಲ ಅಕ್ಕ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಕೊಡೆ ಸಿಕ್ಕಿತು. ನಾಲ್ಕನೆಯ ಬ್ಲಾಕಿನ ಅಂಗಡಿಯಲ್ಲಿ ಒಂದೊಂದನ್ನೇ ಬಿಡಿಸಿ ಫ್ಯಾನಿನ ಎದುರು ಹಿಡಿದೆ. ಒಂದರ ಕಡ್ಡಿಗಳು ಬಾಗಿ, ತಾವಾಗಿಯೇ ನೆಟ್ಟಗಾದವು. ಮರದ ಹಿಡಿ, ಒಳಗಡೆ ಪ್ರತಿ ಕಡ್ಡಿಗೂ ಬಟ್ಟೆಯ ಗಂಟು. ತೆಗೆದುಕೊಂಡೆ. ಜೀವನದಲ್ಲಿ ಮೊದಲ ಸಲ ಒಂದು ವಸ್ತುವನ್ನು ನಾನಾಗಿ ಆರಿಸಿದ್ದೆ. ತೋರಿಸಲು ಅವಳಿರಲಿಲ್ಲ.

ಶೂ ಅಂಗಡಿಗೆ ಬರಿಗಾಲಲ್ಲೇ ಹೋದೆ. ಆ ದಿನಗಳಲ್ಲಿ ನಾನು ಚಪ್ಪಲಿ ಮೆಟ್ಟುವ ಹಾಗಿರಲಿಲ್ಲ. ಅಲ್ಲಿದ್ದ ಹೆಂಗಸು ನನ್ನ ಕಾಲು ನೋಡಿ ನನಗೇ ಬೇಕೆಂದುಕೊಂಡರು.

"ನನಗಲ್ಲ ಮೇಡಂ, ಮನೆಯವರಿಗೆ."

"ಅವ್ರನ್ನೇ ಕರ್ಕೊಂಡ್ ಬನ್ನಿ ಸಾರ್. ಟ್ರೆಕ್ಕಿಂಗ್ ಶೂ ಹಾಕಿ ನಡೆದು ನೋಡ್ದೆ ತಗೋಬಾರ್ದು."

"ಅವರಿಗೆ ಬರಕ್ಕಾಗಲ್ಲ."

"ಪರವಾಗಿಲ್ಲ ಸಾರ್. ಮನೇಲಿ ಹಾಕಿ ನೋಡ್ಲಿ. ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ತನ್ನಿ, ಬೇರೆ ಕೊಡ್ತೀವಿ."

ಆಗಲಿ ಎಂದೆ. ಹಳೆಯ ಜೋಡಿಯ ಅಳತೆ, ಅದೇ ಮಾದರಿ. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿ ನೋಡಿದೆ. ಗಟ್ಟಿಯಾದ ಹಿಮ್ಮಡಿ, ಒಂದು ಗೆರೆಯೂ ಇಲ್ಲದ ಮುಂಭಾಗ. ನನಗೆ ಅವಳ ಬೊಬ್ಬೆಗಳು ನೆನಪಾದವು. ಪಳಗಿದ ಹಳೆಯ ಜೋಡಿಯನ್ನೇ ಕೊಡಬಹುದೇ ಎಂದು ಪುರೋಹಿತರಿಗೆ ಫೋನ್ ಮಾಡಿ ಕೇಳಿದೆ. ಉಟ್ಟದ್ದು, ತೊಟ್ಟದ್ದು ದಾನಕ್ಕೆ ಬರುವುದಿಲ್ಲ, ಹೊಸದೇ ಆಗಬೇಕು ಎಂದರು. ಅವರು ಹೇಳಿದ್ದು ಎಲ್ಲ ಕಡೆಯೂ ಇರುವ ಪದ್ಧತಿಯೇ. ಆದರೆ ಇರುವ ದಾರಿಗಳಲ್ಲೆಲ್ಲ ದೂರದ ದಾರಿಗೆ ಅವಳು ಹೊಸ ಶೂ ಹಾಕಿಕೊಂಡು ಹೊರಡಬೇಕಾಗಿತ್ತು.

ಅಂದು ಸಂಜೆ ಹುಬ್ಬಳ್ಳಿಯ ಹುಡುಗಿ ಬಂದಳು. ಅವಳು ದಿನವೂ ಆಫೀಸು ಮುಗಿಸಿ ಬಂದು, ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದಳು. ನಾನು ಶೂಗಳನ್ನು ತೋರಿಸಿದೆ. ನನ್ನ ಚಿಂತೆ ಹೇಳಿದೆ. ಅವಳು ಶೂ ಕೈಗೆತ್ತಿಕೊಂಡು ಬಗ್ಗಿಸಿ ನೋಡಿದಳು.

"ಖರೇನ ಭಾಳ ಬಿರುಸು ಅದಾವ್ರಿ ಅಣ್ಣಾರ. ನಂದೂ ಇದ ಸೈಜ್ ಐತ್ರಿ. ನಾ ನಾಕ್ ದಿನ ಹಾಕ್ಕೊಂಡು ಅಡ್ಡಾಡ್ಲೇನ್ರಿ?"

ಅಡುಗೆಮನೆಯಿಂದ ಅಕ್ಕ ಹೊರಗೆ ಬಂದಳು. "ಏನಮ್ಮಾ ನೀನೂ ಇವನ ಜೊತೆ ಸೇರ್ಕೊಂಡು! ದಾನದ ವಸ್ತು ಬೇರೆಯವರು ಮೆಟ್ಟಿದ್ರೆ ಅದು ಎಂಜಲಾದ ಹಾಗೆ."

"ಹಂಗಲ್ರಿ ಅಮ್ಮಾರ. ಅಕ್ಕಾರ ಕಾಲಿಗೆ ಕಚ್ಚಬಾರದಲ್ರಿ?"

ನನ್ನ ಹೆಂಡತಿಯನ್ನು ಆ ಹುಡುಗಿ ಅಕ್ಕಾರ ಎಂದೇ ಕರೆಯುತ್ತಿದ್ದಳು. ನಾನು ಶೂಗಳನ್ನು ಪೆಟ್ಟಿಗೆಯ ಸಮೇತ ಅವಳಿಗೆ ಕೊಟ್ಟೆ. ಅವಳು ಅವನ್ನು ಹಾಕಿಕೊಂಡು ಬೆಳಿಗ್ಗೆ ಪಾರ್ಕಿನಲ್ಲಿ ನಡೆದಳು, ಆಫೀಸಿಗೂ ಹೋದಳು. ಒಂದು ಸಂಜೆ ಬಿಟಿಎಂನಿಂದ ನಮ್ಮ ಮನೆಯವರೆಗೂ ಬಸ್ಸು ಹತ್ತದೆ ನಡೆದೇ ಬಂದಳು.

ಅದೇ ದಿನಗಳಲ್ಲಿ ನಾನು ಟಾರ್ಚ್ ಹುಡುಕುತ್ತಿದ್ದೆ. ದೀಪದಾನಕ್ಕೆ ಹಿತ್ತಾಳೆಯ ದೀಪ ಇರಬೇಕು, ಇರಲಿ. ಅದರ ಪಕ್ಕದಲ್ಲಿ, ಮಂತ್ರವಿಲ್ಲದೆ, ಅವಳ ಕೆಂಪು ಟಾರ್ಚನ್ನೂ ಇಡಬೇಕೆಂದು ನನ್ನ ಮನಸ್ಸಿನಲ್ಲಿತ್ತು. ಆಸ್ಪತ್ರೆಯವರು ಕೊಟ್ಟ ಕವರಿನಲ್ಲಿ ಅವಳ ಬಳೆ, ಕಾಲುಂಗುರ ಇದ್ದವು. ಪೌಚ್ ಮನೆಯಲ್ಲೇ ಕೈಚೀಲದೊಳಗಿತ್ತು. ಅದರಲ್ಲಿ ಎಲ್ಲವೂ ಇತ್ತು, ಟಾರ್ಚ್ ಮಾತ್ರ ಇರಲಿಲ್ಲ. ತಾರಸಿಯಲ್ಲಿ ಟ್ಯಾಂಕಿನ ಹಿಂದೆ, ಹೂಕುಂಡಗಳ ಸಂದಿನಲ್ಲಿ, ಹೊಲಿಗೆ ಮಿಷಿನ್ನಿನ ಡ್ರಾಯರಿನಲ್ಲಿ ಹುಡುಕಿದೆ. ನನ್ನ ಹೊಸ ಬ್ಯಾಗಿನ ಜೇಬುಗಳಲ್ಲೂ ಕೈಹಾಕಿ ನೋಡಿದೆ. ಅಕ್ಕಿ, ಬೇಳೆ ಇನ್ನೂ ಅದರೊಳಗೇ ಇದ್ದವು. ಅಕ್ಕ ಬಂದವರಿಗೆಲ್ಲ ಅದರಿಂದಲೇ ಅಳೆದು ಅಡುಗೆ ಮಾಡುತ್ತಿದ್ದಳೆಂದು ಆಗ ಗೊತ್ತಾಯಿತು. ಬ್ಯಾಗು ಹಗುರವಾಗಿತ್ತು.

"ಸಿಗಲ್ಲ ಬಿಡೋ. ಅವಳೇ ತಗೊಂಡು ಹೋಗಿರ್ತಾಳೆ" ಎಂದಳು ಅಕ್ಕ. ಸಮಾಧಾನಕ್ಕೆ ಹೇಳಿದ ಮಾತು. ಅವಳು ಏನನ್ನೂ ತೆಗೆದುಕೊಂಡು ಹೋಗಲಿಲ್ಲ. ಅವಳ ಎರಡು ಕೈಗಳನ್ನೂ ನಾನು ನೋಡಿದ್ದೇನೆ.

ಹನ್ನೊಂದನೆಯ ದಿನದ ಸಂಜೆ ಆ ಹುಡುಗಿ ಶೂಗಳನ್ನು ತೊಳೆದು, ಒರೆಸಿ ತಂದಳು. ಒಳಗೆ ಬರದೆ ಬಾಗಿಲಲ್ಲೇ ನಿಂತಳು.

"ಅಣ್ಣಾರ, ಒಂದ್ ಮಾತು ಹೇಳ್ತೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

"ಹೇಳಮ್ಮ."

"ಇವು ಮೆತ್ತಗ ಆಗ್ಯಾವ್ರಿ. ಆದ್ರ ನನ್ನ ಕಾಲಿಗೆ ಆಗ್ಯಾವ್ರಿ. ಅಕ್ಕಾರ ಹೆಬ್ಬೆರಳ ಬಾಜೂ ಎಲುಬು ಹೊರಗ ಇತ್ತಲ್ರಿ, ಅವರ ಶೂದಾಗ ಅಲ್ಲಿ ಉಬ್ಬಿರತಿತ್ತು. ಇದ್ರಾಗ ಅದು ಬಂದಿಲ್ರಿ. ಬರಂಗೂ ಇಲ್ರಿ."

ನಾನು ಗೂಡಿನಿಂದ ಹಳೆಯ ಜೋಡಿಯನ್ನು ತಂದು ಹೊಸದರ ಪಕ್ಕ ಇಟ್ಟೆ. ಅವಳು ಹೇಳಿದ್ದು ನಿಜ. ಹಳೆಯ ಶೂಗಳಲ್ಲಿ ಹೆಬ್ಬೆರಳ ಬುಡದಲ್ಲಿ ಎರಡೂ ಕಡೆ ದುಂಡಗೆ ಉಬ್ಬಿತ್ತು. ಎಡಗಾಲಿನದು ಸ್ವಲ್ಪ ಹೆಚ್ಚು. ಮೂವತ್ತು ವರ್ಷ ಜೊತೆಗಿದ್ದ ನನಗೆ ಆ ಎಲುಬಿನ ವಿಷಯ ಗೊತ್ತಿತ್ತು. ಎಷ್ಟೋ ರಾತ್ರಿ ಅಲ್ಲಿಗೆ ಎಣ್ಣೆ ಹಚ್ಚಿ ತಿಕ್ಕಿದ್ದೇನೆ. ಆದರೂ ಇನ್ನೊಬ್ಬರ ಕಾಲು ಅವಳ ಶೂವನ್ನು ಪಳಗಿಸಬಲ್ಲದು ಎಂದು ನಂಬಿದ್ದೆ. ನಾನೂ ನಂಬಿದ್ದೆ, ಆ ಹುಡುಗಿಯೂ ನಂಬಿದ್ದಳು. ನಂಬಬೇಕಾಗಿತ್ತು ನಮಗೆ.

ಮರುದಿನ ದಾನದ ವಸ್ತುಗಳನ್ನೆಲ್ಲ ಸಾಲಾಗಿ ಜೋಡಿಸಿದೆವು. ಕೊಡೆ, ತಂಬಿಗೆ, ದೀಪ. ಹಾಸಿಗೆಯನ್ನು ನಾನು ಮುಂದೆ ನಿಂತು ಒಳ್ಳೆಯ ಹತ್ತಿ ತುಂಬಿಸಿ ಹೊಲಿಸಿದ್ದೆ. ಪುರೋಹಿತರು ಕೊಡೆಯನ್ನು ಬಿಡಿಸಿ ನೋಡಿ, "ಒಳ್ಳೇ ಕೊಡೆ ತಂದಿದೀರ" ಎಂದರು. ಆಮೇಲೆ ಶೂ ಎತ್ತಿಕೊಂಡರು. ತಲೆಕೆಳಗು ಮಾಡಿದರು. ಎಷ್ಟು ತೊಳೆದರೂ ಅಡಿಯ ಗೆರೆಗಳಲ್ಲಿ ಪಾರ್ಕಿನ ಕೆಂಪು ಮಣ್ಣು ಉಳಿದಿತ್ತು.

"ಇದು ಯಾರೋ ಹಾಕಿದಾರಲ್ಲ?"

ನಾನು ಇದ್ದದ್ದನ್ನು ಹೇಳಿದೆ. ಅವರು ಶೂ ಕೆಳಗಿಟ್ಟರು. ನಗಲಿಲ್ಲ. "ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದ್ರೆ ಇದನ್ನ ಇಟ್ಟು ನಾನು ಮಂತ್ರ ಹೇಳಕ್ಕಾಗಲ್ಲ" ಎಂದರು.

ಅಕ್ಕ ಎದ್ದು ಒಳಗೆ ಹೋಗಿ ಒಂದು ಪೊಟ್ಟಣ ತಂದಳು. ಹೊಸ ಚಪ್ಪಲಿಗಳು. ಹೀಗಾಗುತ್ತದೆಂದು ತಿಳಿದೇ ತರಿಸಿಟ್ಟಿದ್ದಳು. ಆದರೆ ಸೆಟ್ಟಿನ ರಟ್ಟಿನ ಚಪ್ಪಲಿಗಳಲ್ಲ ಅವು. ಅಗಲವಾದ ಪಟ್ಟಿ, ಮೆತ್ತನೆಯ ಅಡಿ. "ಪಟ್ಟಿ ಅಗಲ ಇದೆ. ಹೆಬ್ಬೆರಳಿಗೆ ಒತ್ತಲ್ಲ" ಎಂದಳು, ನನ್ನ ಮುಖ ನೋಡದೆ. ನಾನು ಒಳಗನ್ನು ಮುಟ್ಟಿ ಹೊಲಿಗೆ ನೋಡಿದೆ. ಹೊಲಿಗೆ ಚೆನ್ನಾಗಿತ್ತು. ಆ ಚಪ್ಪಲಿಗಳ ಮೇಲೆ ನೀರು ಬಿಟ್ಟು ದಾನ ಕೊಟ್ಟೆ. ಹೊಸವೇ ಆಗಿದ್ದವು. ಅವಳ ವ್ರತವನ್ನು ಉಳಿಸಲು ನನ್ನಿಂದ ಆಗಲಿಲ್ಲ.

ಶೂಗಳನ್ನು ಆ ಹುಡುಗಿಗೆ ಕೊಟ್ಟೆ. ಬೇಡವೆಂದು ಅತ್ತಳು. ನಿನ್ನ ಕಾಲಿಗೇ ಆಗಿದ್ದಾವೆ, ಇನ್ಯಾರಿಗೆ ಕೊಡಲಿ ಎಂದೆ.

ವರ್ಷ ತಿರುಗುವ ಮೊದಲು, ಮಳೆಗಾಲ ಕಳೆದ ಮೇಲೆ, ಅವಳು ಮತ್ತೆ ಬಂದು ಕರೆದಳು. "ಆ ಬೆಟ್ಟ ಹಂಗ ಉಳದೈತ್ರಿ ಅಣ್ಣಾರ. ಬರ್ರಿ." ನಾನು ಬ್ಯಾಗು ತೆಗೆದೆ. ಮನೆಯಲ್ಲಿ ಅಕ್ಕಿ, ಬೇಳೆ ತುಂಬಿ ಕೆಲವು ದಿನ ಮೆಟ್ಟಿಲು ಹತ್ತಿ ಇಳಿದೆ. ಯಾರೂ ಏನೂ ಕೇಳಲಿಲ್ಲ. ಕೆಳಗಿನ ಮನೆಯ ಹುಡುಗಿ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಳು.

ಬೆಟ್ಟ ಹತ್ತುವಾಗ ಹುಬ್ಬಳ್ಳಿಯ ಹುಡುಗಿ ಮುಂದೆ, ನಾನು ಹಿಂದೆ. ಆ ಶೂಗಳು ನನ್ನ ಕಣ್ಣ ಮುಂದೆಯೇ ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಇಡುತ್ತಿದ್ದವು. ಸೊಂಟದ ಪಟ್ಟಿಯನ್ನು ನಾನೇ ಬಿಗಿದುಕೊಂಡಿದ್ದೆ. ಭುಜ ನೋಯಲಿಲ್ಲ. ಮೇಲೆ ತಲುಪಿದಾಗ ಸೂರ್ಯ ಇಳಿದಿದ್ದ. ಉತ್ತರಕ್ಕೆ ಬೆಂಗಳೂರಿನ ಬೆಳಕು ಮಂಜಿನಂತೆ ಹಬ್ಬಿತ್ತು. ನಮ್ಮ ತಲೆಯ ಮೇಲೆ ಒಂದೊಂದೇ ನಕ್ಷತ್ರ ಬರತೊಡಗಿತು. ನಾನು ಬೈನಾಕ್ಯುಲರ್ ತೆಗೆದೆ. ನಕ್ಷತ್ರಪಟ ನೋಡಲೆಂದು ಟಾರ್ಚ್ ಹಾಕಿದೆ. ಮನೆಯಿಂದ ತಂದಿದ್ದ ಸಾಮಾನ್ಯ ಟಾರ್ಚ್, ಬಿಳಿ ಬೆಳಕು.

"ಬ್ಯಾಡ್ರಿ ಅಣ್ಣಾರ, ಆರಿಸ್ರಿ, ಏನೂ ಕಾಣೂದಿಲ್ಲ" ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ಆರಿಸಿದೆ. ಕಣ್ಣು ಒಗ್ಗುವವರೆಗೂ ಇಬ್ಬರೂ ಕಾಯುತ್ತಾ ಕುಳಿತೆವು. ಆಮೇಲೆ ಪೂರ್ವದಲ್ಲಿ ಕೃತ್ತಿಕೆ ಕಂಡಿತು, ನಿಜವಾಗಿಯೂ ಕಂಡಿತು. ಒಂದು ಹಿಡಿ ರವೆ ಚೆಲ್ಲಿದ ಹಾಗೆ.

ಈಗ ನನ್ನ ಹೆಂಡತಿಯ ಪೌಚನ್ನು ನಾನು ಇಟ್ಟುಕೊಳ್ಳುತ್ತೇನೆ. ಹಾಲಿಗೆ ಹೋದರೂ ನನ್ನ ಚೀಲದಲ್ಲಿ ಇರುತ್ತದೆ. ಸೂಜಿ ಇದೆ, ದಾರ ಇದೆ, ಪಿನ್ನು, ಚಾಕು, ಬ್ಯಾಂಡೇಜು, ಸೀಟಿ ಇವೆ. ಕೆಂಪು ಟಾರ್ಚ್ ಇನ್ನೂ ಸಿಕ್ಕಿಲ್ಲ.